‘ನಂಗೆ ಸೀಟ್ ಸಿಗುತ್ತಾ ಸಾರ್?’ ಐಐಟಿ, ಐಐಎಸ್‌ಸಿಗೆ ಅರ್ಜಿ ಹಾಕುವ ಮುಂಚಿನ ಲೆಕ್ಕ

ತುಮಕೂರಿನ ಎಸ್.ಎಸ್. ಪುರಂನಲ್ಲಿ ಪ್ರತಿ ವರ್ಷ ಫಲಿತಾಂಶದ ಕಾಲಕ್ಕೆ ಹೊಸ ಫ್ಲೆಕ್ಸ್‌ಗಳು ಏಳುತ್ತವೆ. ರ‍್ಯಾಂಕ್ ಬಂದವರ ಪಾಸ್‌ಪೋರ್ಟ್ ಫೋಟೊ, ಕೆಳಗೆ ಕೆಂಪಕ್ಷರದಲ್ಲಿ ಅಂಕಿ, ಮೇಲೆ ಕೋಚಿಂಗ್ ಮಾಲೀಕರ ನಗುಮುಖ. ಅದರ ಎದುರಿನ ಅಂಗಡಿಯಲ್ಲಿ ಟೀ ಕುಡಿಯುವಾಗಲೇ ನನ್ನ ವಿದ್ಯಾರ್ಥಿಗಳು ಕೇಳುವುದು: "ಸಾರ್, ನಂಗೆ ಸೀಟ್ ಸಿಗುತ್ತಾ ಸಾರ್?"

ನಾನು ಇಲ್ಲಿನ ಡಿಗ್ರಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮೊದಮೊದಲು "ಓದಪ್ಪಾ, ಯಾಕೆ ಸಿಗಲ್ಲ" ಅಂದು ಕಳಿಸಿಬಿಡುತ್ತಿದ್ದೆ. ಈಗ "ಒಂದು ಹಾಳೆ ತಗೊಂಡು ಬಾ" ಅನ್ನುತ್ತೇನೆ.

ಇದನ್ನು ನಾನು ಕಲಿತಿದ್ದು ಅಪ್ಪನಿಂದ. ನಮ್ಮದು ಮಧುಗಿರಿ ತಾಲ್ಲೂಕು. ಬೋರು ಕೊರೆಸುವ ಮುಂಚೆ ಪಾಯಿಂಟ್ ನೋಡುವವರನ್ನು ಅಪ್ಪನೂ ಕರೆಸುತ್ತಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತುತ್ತಿದ್ದರಲ್ಲ, ಅವರನ್ನೇ. ಆದರೆ ಕಾಯಿ ಎದ್ದು ನಿಂತಿತು ಅಂತ ದುಡ್ಡು ಸುರಿಯುತ್ತಿರಲಿಲ್ಲ. ಸುತ್ತಮುತ್ತ ಎಷ್ಟು ಬೋರು ಕೊರೆಸಿದ್ದಾರೆ, ಎಷ್ಟಡಿಗೆ ನೀರು, ಎಲ್ಲಕ್ಕಿಂತ ಮುಖ್ಯವಾಗಿ ಎಷ್ಟು ಫೇಲಾಗಿವೆ ಅಂತ ಊರೆಲ್ಲ ವಿಚಾರಿಸುತ್ತಿದ್ದರು. ನೀರು ಬಿದ್ದವನು ಕರೆದು ತೋರಿಸುತ್ತಾನೆ. ಒಣ ಬೋರಿನವನು ಅದರ ಬಾಯಿಗೆ ಕಲ್ಲು ಮುಚ್ಚಿ ಸುಮ್ಮನಾಗುತ್ತಾನೆ.

ಫ್ಲೆಕ್ಸಿನಲ್ಲಿ ಇರುವವರೆಲ್ಲ ನೀರು ಬಿದ್ದ ಬೋರುಗಳು. ಅದೇ ತರಗತಿಯಲ್ಲಿ ಕೂತು, ಅದೇ ಫೀಸು ಕಟ್ಟಿ, ಸೀಟು ಸಿಗದೆ ಊರಿಗೆ ಹೋದವರೆಷ್ಟು ಅಂತ ಯಾವ ಫ್ಲೆಕ್ಸೂ ಹೇಳುವುದಿಲ್ಲ. ಆ ಎರಡನೇ ಸಂಖ್ಯೆ ಇಲ್ಲದೆ ನಿಮ್ಮ ಅವಕಾಶ ಎಷ್ಟು ಅಂತ ಅಳೆಯಲು ಬರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದರು. ನಮ್ಮ ಸೀಮೆಯವರಿಗೆ ಹೆಮ್ಮೆಯ ವಿಷಯ, ತರಗತಿಯಲ್ಲಿ ನಾನೂ ಹೇಳುತ್ತೇನೆ. ಆದರೆ ಅವರು ಹೋಗಿಬಂದರು ಅನ್ನುವುದು ನಿಮಗೆ ಧೈರ್ಯ ಕೊಡುತ್ತದೆಯೇ ಹೊರತು ಲೆಕ್ಕ ಕೊಡುವುದಿಲ್ಲ. ಈ ಲೇಖನ ಲೆಕ್ಕದ ಬಗ್ಗೆ.

ಹೆಜ್ಜೆ 1: ಬಾಗಿಲು ತೆರೆದಿದೆಯೇ ನೋಡಿ

ಇದು ಹತ್ತು ನಿಮಿಷದ ಕೆಲಸ, ಆದರೂ ಅರ್ಧ ಜನ ಮಾಡುವುದಿಲ್ಲ. ನೀವು ಸೇರಬೇಕೆಂದಿರುವ ಕೋರ್ಸಿನ ಅರ್ಹತೆಯ ಪುಟ ತೆಗೆದು ಮೂರು ವಿಷಯ ನೋಡಿ. ಡಿಗ್ರಿಯಲ್ಲಿ ಕನಿಷ್ಠ ಎಷ್ಟು ಶೇಕಡ ಬೇಕು? ಯಾವ ವಿಷಯವನ್ನು ಎಷ್ಟು ಸೆಮಿಸ್ಟರ್ ಓದಿರಬೇಕು? ಅಂತಿಮ ಅಂಕಪಟ್ಟಿಯನ್ನು ಯಾವ ದಿನಾಂಕದೊಳಗೆ ಕೊಡಬೇಕು? ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಓದಿದವರು ಗಣಿತ ಕೇಳುವ ಕೋರ್ಸಿಗೆ ಶುಲ್ಕ ಕಟ್ಟಿ ಕೂತಿದ್ದನ್ನು ಕಂಡಿದ್ದೇನೆ. ಮೂರನೆಯದು ನಮ್ಮ ಕಡೆಯ ರೋಗ. ಆರನೇ ಸೆಮಿಸ್ಟರ್ ಫಲಿತಾಂಶ ಯಾವಾಗ ಬರುತ್ತದೋ ಅಂತ ಕಾಯುವುದೇ ಒಂದು ವ್ರತ. ನಿಮ್ಮ ಸೀನಿಯರ್‌ಗಳಿಗೆ ಕಳೆದ ವರ್ಷ ಯಾವ ತಿಂಗಳು ಅಂಕಪಟ್ಟಿ ಕೈಗೆ ಬಂತು ಅಂತ ಈಗಲೇ ಕೇಳಿಡಿ.

ಹೆಜ್ಜೆ 2: ಯಾರು ತೀರ್ಮಾನ ಮಾಡುತ್ತಾರೆ?

ಎಲ್ಲ ಸೀಟುಗಳೂ ಒಂದೇ ರೀತಿ ಸಿಗುವುದಿಲ್ಲ. ಕೆಲವು ಕಡೆ ರ‍್ಯಾಂಕ್ ಒಂದೇ ತೀರ್ಮಾನ ಮಾಡುತ್ತದೆ. ಕೆಲವು ಕಡೆ ರ‍್ಯಾಂಕ್ ನಿಮ್ಮನ್ನು ಸಂದರ್ಶನದ ಕೋಣೆಯ ಬಾಗಿಲವರೆಗೆ ಮಾತ್ರ ತಂದು ಬಿಡುತ್ತದೆ. ಇನ್ನು ಕೆಲವು ಕಡೆ, ಮುಖ್ಯವಾಗಿ ವಿದೇಶದಲ್ಲಿ, ನಿಮ್ಮ ಇಡೀ ಕಡತವನ್ನು ಒಂದು ಸಮಿತಿ ಓದುತ್ತದೆ.

ಐಐಟಿಗಳ ಎಂಎಸ್ಸಿ ಮೊದಲನೇ ಜಾತಿ. ಅದಕ್ಕೆ ಬರೆಯಬೇಕಾದ ಪ್ರವೇಶ ಪರೀಕ್ಷೆ ಜ್ಯಾಮ್, ನಡೆಯುವುದು ಫೆಬ್ರುವರಿಯಲ್ಲಿ. ಏಳು ವಿಷಯಗಳಿವೆ, ಯಾವುದೇ ಆದರೂ 3 ಗಂಟೆ, 60 ಪ್ರಶ್ನೆ, 100 ಅಂಕ. ಇಲ್ಲಿ ಅರ್ಹತೆಯ ಗೆರೆ ದಾಟಿದ ಮೇಲೆ ನಿಮ್ಮ ಡಿಗ್ರಿಯ ಚಿನ್ನದ ಪದಕಕ್ಕೆ ಬೆಲೆ ಇಲ್ಲ. ಶೇಕಡ 95 ತೆಗೆದವರೂ 62 ತೆಗೆದವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಕಾಲೇಜಿನ ಟಾಪರ್‌ಗೆ ಇದು ಬೇಜಾರಿನ ಸುದ್ದಿ, ಎರಡನೇ ವರ್ಷದಲ್ಲಿ ಎಡವಿ ಆಮೇಲೆ ಎದ್ದವರಿಗೆ ಒಳ್ಳೆಯ ಸುದ್ದಿ. ಗೇಟ್ ಎಂಬ ಪರೀಕ್ಷೆಯ ಮೂಲಕ ಸಿಗುವ ಎಂಟೆಕ್ ಸೀಟುಗಳಲ್ಲಿ ಬಹಳಷ್ಟು ಹೀಗೆಯೇ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಎಂಬ ಪ್ರವೇಶ ಪರೀಕ್ಷೆ ಇದೆ. ನಮ್ಮ ಕಲಬುರಗಿಯದ್ದೂ ಅದರಲ್ಲೇ ಬರುತ್ತದೆ.

ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆಯ) ಇಂಟಿಗ್ರೇಟೆಡ್ ಪಿಎಚ್‌ಡಿ, ಅಂದರೆ ಡಿಗ್ರಿ ಆದ ಮೇಲೆ ಎಂಎಸ್ಸಿ, ಪಿಎಚ್‌ಡಿ ಎರಡನ್ನೂ ಒಟ್ಟಿಗೆ ಮಾಡುವ ಕೋರ್ಸು, ಎಲ್ಲ ಕಡೆಯ ಪಿಎಚ್‌ಡಿ ಎರಡನೇ ಜಾತಿ. ಇವಕ್ಕೆ ಲೆಕ್ಕ ಬೇರೆ, ಹೆಜ್ಜೆ 6ರಲ್ಲಿ ಬರುತ್ತೇನೆ.

ಹೆಜ್ಜೆ 3: ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು?

‘ಕ್ವಾಲಿಫೈಡ್’ ಎಂಬ ಪದಕ್ಕೆ ಮರುಳಾಗಬೇಡಿ. ಅರ್ಹತೆ ಬೇರೆ, ಸೀಟು ಬೇರೆ. ಗೇಟ್‌ನಲ್ಲಿ ಸಾಮಾನ್ಯ ವರ್ಗದ ಅರ್ಹತಾ ಅಂಕ 25ರ ಸುಮಾರಿಗೂ ಇಳಿಯಬಹುದು. ಆ ಅಂಕಕ್ಕೆ ಹಳೆಯ ಐಐಟಿಗಳ ಕಂಪ್ಯೂಟರ್ ವಿಭಾಗದಲ್ಲಿ ಬಾಗಿಲೂ ತೆರೆಯುವುದಿಲ್ಲ.

ನಿಮಗೆ ಬೇಕಿರುವುದು ಕ್ಲೋಸಿಂಗ್ ರ‍್ಯಾಂಕ್, ಅಂದರೆ ಆ ವಿಭಾಗದ ಕೊನೆಯ ಸೀಟು ಯಾವ ರ‍್ಯಾಂಕಿನವರಿಗೆ ಹೋಯಿತು ಎಂಬ ಅಂಕಿ. ಅಧಿಕೃತ ಜಾಲತಾಣಗಳಲ್ಲೇ ಸಿಗುತ್ತದೆ. ನೋಡುವಾಗ ಮೂರು ತಪ್ಪು ಮಾಡುತ್ತಾರೆ.

ಒಂದು, ಮೊದಲ ಸುತ್ತಿನ ಅಂಕಿ ನೋಡಿ ಕೈಚೆಲ್ಲುವುದು. ಮೊದಲ ಸುತ್ತಿನಲ್ಲಿ ಮುಂಬೈ ಐಐಟಿಯ ಸೀಟು ಹಿಡಿದವರಲ್ಲಿ ಕೆಲವರಿಗೆ ಐಐಎಸ್‌ಸಿಯಿಂದಲೋ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಿಂದಲೋ ಕರೆ ಬರುತ್ತದೆ, ಅವರು ಎದ್ದು ಹೋಗುತ್ತಾರೆ. ಆ ಜಾಗಕ್ಕೆ ಕಾನ್ಪುರದವರು ಬರುತ್ತಾರೆ, ಕಾನ್ಪುರಕ್ಕೆ ಇನ್ನೊಬ್ಬರು. ಬಸ್ಸಿನಲ್ಲಿ ಮುಂದೆ ಒಬ್ಬರು ಇಳಿದರೆ ಹಿಂದಿನವರೆಲ್ಲ ಒಂದೊಂದು ಸೀಟು ಸರಿಯುವ ಹಾಗೆ. ಆದ್ದರಿಂದ ಕೊನೆಯ ಸುತ್ತಿನ ಅಂಕಿಯೇ ಲೆಕ್ಕಕ್ಕೆ ಬರುವುದು.

ಎರಡು, ಜನರಲ್ ಕಾಲಂ ನೋಡಿ ತಮ್ಮ ವರ್ಗದ ಕಾಲಂ ಬಿಡುವುದು. ಮೂರು, ಒಂದೇ ವರ್ಷ ನೋಡುವುದು. ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿಗೆ ಹೋದ ವರ್ಷ ಬಂದ ರೇಟು ನಂಬಿ ಈ ವರ್ಷ ಎರಡೆಕರೆ ಜಾಸ್ತಿ ನಾಟಿ ಮಾಡಿದವರ ಕಥೆ ನಿಮಗೇ ಗೊತ್ತು.

ಹಾಗಾಗಿ ಮೂರು ವರ್ಷದ್ದು ಬರೆದುಕೊಳ್ಳಿ. ಮೂರರಲ್ಲಿ ಅತಿ ಬಿಗಿಯಾದ ವರ್ಷದ ಅಂಕಿಗಿಂತಲೂ ನಿಮ್ಮ ರ‍್ಯಾಂಕ್ ಚೆನ್ನಾಗಿದ್ದರೆ ಆ ಜಾಗ ‘ಹೆಚ್ಚುಕಡಿಮೆ ಖಚಿತ’. ಅತಿ ಬಿಗಿ ಮತ್ತು ಅತಿ ಸಡಿಲ ವರ್ಷಗಳ ನಡುವೆ ಇದ್ದರೆ ‘ನಡುವಿನದು’. ಅತಿ ಸಡಿಲ ವರ್ಷಕ್ಕೂ ಎಟುಕದಿದ್ದರೆ ‘ದೂರ’. ಇದಕ್ಕಿಂತ ಸೂಕ್ಷ್ಮವಾದ ಅಳತೆ ಬೇಕಿಲ್ಲ. ಶೇಕಡ 63 ಅವಕಾಶ, ಶೇಕಡ 71 ಅವಕಾಶ ಅಂತ ಹೇಳುವ ಆ್ಯಪ್‌ಗಳನ್ನು ನಾನಂತೂ ನಂಬುವುದಿಲ್ಲ.

ಗೇಟ್ ಬರೆಯುವವರು ಇನ್ನೊಂದು ತಿಳಿದಿರಬೇಕು. ಅಂಕವನ್ನು ಅಂಕದ ಜೊತೆ ಹೋಲಿಸಬೇಡಿ, ಸ್ಕೋರನ್ನು ಸ್ಕೋರಿನ ಜೊತೆ ಹೋಲಿಸಿ. ಸ್ಕೋರು 1000ಕ್ಕೆ. ಅರ್ಹತಾ ಅಂಕಕ್ಕೆ 350, ತುದಿಯ ಶೇಕಡ 0.1 ಅಭ್ಯರ್ಥಿಗಳ ಸರಾಸರಿಗೆ (ಅವರು ಹತ್ತಕ್ಕಿಂತ ಕಡಿಮೆ ಇದ್ದರೆ ಮೊದಲ ಹತ್ತು ಜನರ ಸರಾಸರಿಗೆ) 900 ಇಟ್ಟು, ನಡುವೆ ಗೆರೆ ಎಳೆಯುತ್ತಾರೆ. ಉದಾಹರಣೆಗೆ ಅರ್ಹತಾ ಅಂಕ 28, ತುದಿಯವರ ಸರಾಸರಿ 80 ಅಂದುಕೊಳ್ಳಿ. 54 ಅಂಕ ಸರಿಯಾಗಿ ನಡುಮಧ್ಯ ಬರುತ್ತದೆ, ಸ್ಕೋರು 625. ಪ್ರಶ್ನೆಪತ್ರಿಕೆ ಕಷ್ಟವಾಗಿ ಅವು 25 ಮತ್ತು 70ಕ್ಕೆ ಇಳಿದರೆ ಅದೇ 54ಕ್ಕೆ ಸುಮಾರು 704. ಅದಕ್ಕೇ "ಹೋದ ವರ್ಷ ನಮ್ಮಣ್ಣಂಗೆ 54ಕ್ಕೆ ಸಿಕ್ತು" ಅನ್ನುವ ಮಾತಿಗೆ ಅರ್ಥವಿಲ್ಲ. ಗೇಟ್ ಸ್ಕೋರು ಮೂರು ವರ್ಷ ನಡೆಯುತ್ತದೆ, ಜ್ಯಾಮ್ ಆ ವರ್ಷಕ್ಕೆ ಮಾತ್ರ.

ಹೆಜ್ಜೆ 4: ನಿಮ್ಮ ಅಂಕಿ ಪ್ರಾಮಾಣಿಕವಾಗಿ ಬರೆಯಿರಿ

ರ‍್ಯಾಂಕ್ ಬಂದ ಮೇಲೆ ಹೋಲಿಸುವುದು ಸುಲಭ. ಬರುವ ಮುಂಚೆ? ಮಾಕ್ ಟೆಸ್ಟ್.

ಪಾವಗಡ ಕಡೆಯ ಹುಡುಗಿಯೊಬ್ಬಳು ಡಿಸೆಂಬರ್‌ನಲ್ಲಿ ಬಂದಿದ್ದಳು. "ಎಷ್ಟು ಬರ್ತಿದೆಯಮ್ಮಾ?" ಅಂದೆ. "ನಲವತ್ತೈದು ಸಾರ್." ಪುಸ್ತಕ ತೋರಿಸು ಅಂದೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಆರು ಅಂಕಿ ಇದ್ದವು: 31, 38, 34, 45, 36, 33. ನಲವತ್ತೈದಕ್ಕೆ ಮಾತ್ರ ಸುತ್ತ ಎರಡು ವೃತ್ತ. ಆ ಪತ್ರಿಕೆಯ ಮೂರನೇ ಒಂದು ಭಾಗ ಪ್ರಶ್ನೆಗಳನ್ನು ಅವಳು ಮೊದಲೇ ತರಗತಿಯಲ್ಲಿ ಬಿಡಿಸಿದ್ದಳು ಅಂತ ಆಮೇಲೆ ಗೊತ್ತಾಯಿತು. ಆರನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ ಬರುವುದು 34 ಮತ್ತು 36, ಅಂದರೆ 35. ಅವಳ ಅಂಕ ಅದು. ಮುಖ ಸಣ್ಣದು ಮಾಡಿಕೊಂಡಳು, ಆದರೆ ಅವತ್ತಿನಿಂದ ಏನು ಓದಬೇಕು ಅನ್ನುವುದು ಬದಲಾಯಿತು.

ಮಾಕ್ ಬರೆಯುವುದಕ್ಕೂ ಒಂದು ಕ್ರಮ ಇದೆ. ಹಿಂದೆ ಕಣ್ಣಿಗೆ ಬೀಳದ ಪತ್ರಿಕೆ ಇರಬೇಕು, ಒಂದೇ ಕೂತಲ್ಲಿ ಮೂರು ಗಂಟೆ, ಫೋನು ಇನ್ನೊಂದು ಕೋಣೆಯಲ್ಲಿ. ನೆಗೆಟಿವ್ ಅಂಕ ಕಳೆಯಲೇಬೇಕು. ಜ್ಯಾಮ್‌ನಲ್ಲಿ ಒಂದೇ ಸರಿಯುತ್ತರ ಇರುವ ಪ್ರಶ್ನೆಗೆ ಮಾತ್ರ ನೆಗೆಟಿವ್: 1 ಅಂಕದ್ದಕ್ಕೆ ಮೂರನೇ ಒಂದು, 2 ಅಂಕದ್ದಕ್ಕೆ ಮೂರನೇ ಎರಡು. ಹಲವು ಸರಿಯುತ್ತರದವಕ್ಕೂ ಅಂಕಿ ಬರೆಯುವವಕ್ಕೂ ಇಲ್ಲ. ಮನೆಯಲ್ಲಿ ಮಾಕ್ ಬರೆಯುವಾಗ "ಇದು ಗೊತ್ತಿತ್ತು, ಅವಸರದಲ್ಲಿ ತಪ್ಪಾಯ್ತು" ಅಂತ ಅಂಕ ಕೊಟ್ಟುಕೊಳ್ಳುವವರು ಬಹಳ. ಪರೀಕ್ಷೆಯಲ್ಲೂ ಅವಸರ ಇದ್ದೇ ಇರುತ್ತದೆ.

ಹೆಜ್ಜೆ 5: ಜಾತಿ, ಆದಾಯದ ಕಾಗದ

ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನು ಎಂಎಸ್ಸಿಗೆ ಅರ್ಜಿ ಹಾಕಿದ ವರ್ಷ ನನ್ನ ರ‍್ಯಾಂಕ್ ಒಬಿಸಿ ಕಾಲಂನಲ್ಲಿ ಒಂದು ಒಳ್ಳೆಯ ಜಾಗಕ್ಕೆ ಸಾಕಾಗುತ್ತಿತ್ತು. ನಾನು ಅಪ್‌ಲೋಡ್ ಮಾಡಿದ್ದು ಪಿಯುಸಿಯಿಂದ ಬಳಸುತ್ತಿದ್ದ ರಾಜ್ಯದ 2ಎ ಪತ್ರ. ಕೇಂದ್ರ ನಮೂನೆಯದ್ದು ತನ್ನಿ ಅಂದರು. ಕಚೇರಿಗೆ ಅಲೆದೆ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಸಹಿ ಮಾಡುವವರಿಲ್ಲ. ಕೈಗೆ ಬರುವ ಹೊತ್ತಿಗೆ ಗಡುವು ಮುಗಿದು ಜನರಲ್ ಲೆಕ್ಕಕ್ಕೆ ಬಿದ್ದೆ, ಸೀಟು ಹೋಯಿತು.

ಅದಕ್ಕೆ ಕೇಳಿ. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪಟ್ಟಿಯೇ ಬೇರೆ, ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ಇಲ್ಲಿದ್ದವರೆಲ್ಲ ಅಲ್ಲಿ ಇರುವುದಿಲ್ಲ. ಮೊದಲು ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು, ಅಕ್ಷರ ಸಮೇತ, ಇದೆಯೇ ನೋಡಿ. ಇದ್ದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ಕೇಂದ್ರ ನಮೂನೆಯ ಪತ್ರ ಬೇಕು. ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದನ್ನೇ ಕೇಳುತ್ತಾರೆ. ಐದು ವರ್ಷ ನಡೆಯುತ್ತೆ ಅನ್ನುವ ರಾಜ್ಯದ ಪತ್ರದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೇಂದ್ರದ ಎಸ್‌ಸಿ, ಎಸ್‌ಟಿ, ಒಬಿಸಿ ಯಾವ ಪಟ್ಟಿಯಲ್ಲೂ ಇಲ್ಲದವರಿಗೆ ಇಡಬ್ಲ್ಯುಎಸ್‌ನ, ಅಂದರೆ ಆರ್ಥಿಕವಾಗಿ ದುರ್ಬಲರ, ಶೇಕಡ 10 ಮೀಸಲಾತಿ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು. ಅಷ್ಟೇ ಅಲ್ಲ, 5 ಎಕರೆ ಅಥವಾ ಮೇಲ್ಪಟ್ಟು ಕೃಷಿ ಜಮೀನು ಇದ್ದರೆ ಆಗುವುದಿಲ್ಲ. ಮಳೆಯನ್ನೇ ನಂಬಿದ ಆರೆಕರೆ ರಾಗಿ ಹೊಲದವರು ಇಲ್ಲಿ ‘ಅನುಕೂಲಸ್ಥರು’! ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿ 100 ಚದರ ಗಜ ಅಥವಾ ಹೆಚ್ಚಿನ ನಿವೇಶನ ಇದ್ದರೂ ಆಗುವುದಿಲ್ಲ. 30×40 ಸೈಟು 133 ಚದರ ಗಜ. ಚಿಂತಾಮಣಿಯಲ್ಲೋ ತಿಪಟೂರಿನಲ್ಲೋ ಅಪ್ಪ ಸಾಲ ಮಾಡಿ ಒಂದು ಸೈಟು ಕೊಂಡಿದ್ದರೆ ನಿಮ್ಮ ಲೆಕ್ಕ ಜನರಲ್ ಕಾಲಂಗೆ ಬರುತ್ತದೆ. ಪಹಣಿ ಜಂಟಿಯಾಗಿದ್ದರೆ ಯಾರ ಪಾಲು ಎಷ್ಟು ಅಂತ ಈಗಲೇ ಸರಿಮಾಡಿಸಿ. ಸುತ್ತು ಶುರುವಾದ ಮೇಲೆ ಅದಕ್ಕೆ ಸಮಯ ಸಿಗುವುದಿಲ್ಲ.

ಹೆಜ್ಜೆ 6: ಸಂದರ್ಶನದ ಲೆಕ್ಕ

ಪಿಎಚ್‌ಡಿಗೆ ಇರುವ ಒಳ್ಳೆಯ ಸುಳಿವು ಯಾರೂ ಬಳಸದ ಸುಳಿವು. ಬಹಳಷ್ಟು ವಿಭಾಗಗಳು ಸಂದರ್ಶನಕ್ಕೆ ಕರೆದವರ ಪಟ್ಟಿಯನ್ನೂ ಆಯ್ಕೆಯಾದವರ ಪಟ್ಟಿಯನ್ನೂ ಪಿಡಿಎಫ್ ಮಾಡಿ ಹಾಕುತ್ತವೆ. ಎರಡರಲ್ಲೂ ಕೊನೆಯ ಕ್ರಮಸಂಖ್ಯೆ ನೋಡಿ. 120 ಜನರನ್ನು ಕರೆದು 8 ಜನರನ್ನು ತೆಗೆದುಕೊಂಡಿದ್ದರೆ ಹದಿನೈದಕ್ಕೆ ಒಂದು. 30 ಜನರನ್ನು ಕರೆದು 6 ಜನ ಅಂದರೆ ಐದಕ್ಕೆ ಒಂದು. ಒಣ ಬೋರುಗಳನ್ನು ಎಣಿಸುವುದು ಅಂದರೆ ಇದೇ.

ಸೀಟು ಎಷ್ಟು ಅನ್ನುವುದಕ್ಕೆ ಗೈಡ್‌ಗಳ ಬಳಿ ಎಷ್ಟು ಜಾಗ ಖಾಲಿ ಇದೆ ಅನ್ನುವುದೇ ಮೂಲ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಒಂದು ಸಮಯಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗಿಂತ ಹೆಚ್ಚು ಸಂಶೋಧಕರನ್ನು ಇಟ್ಟುಕೊಳ್ಳುವಂತಿಲ್ಲ. ವಿಭಾಗದ ಪುಟದಲ್ಲಿ ಅವರ ವಿದ್ಯಾರ್ಥಿಗಳ ಹೆಸರು ಎಣಿಸಿ. ಎಂಟೂ ತುಂಬಿದ್ದರೆ ಎಷ್ಟೇ ಒಳ್ಳೆಯ ಇಮೇಲ್ ಬರೆದರೂ ಈ ವರ್ಷ ಆಗುವುದಿಲ್ಲ. 2024ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೂ ಪಿಎಚ್‌ಡಿ ಪ್ರವೇಶಕ್ಕೆ ಬಳಸುತ್ತಾರೆ. ಅದರಲ್ಲೇ ಸಿಗುವ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಾರದವರಿಗೆ ನೆಟ್ ಅಂಕದ ತೂಕ ಶೇಕಡ 70, ಸಂದರ್ಶನದ್ದು 30. ಜೆಆರ್‌ಎಫ್ ಇದ್ದವರಿಗೆ ತಿಂಗಳಿಗೆ 37,000 ರೂಪಾಯಿ ಅವರ ಜೊತೆಗೇ ಬರುವುದರಿಂದ ಬಹಳ ವಿಭಾಗಗಳಲ್ಲಿ ಬಾಗಿಲು ಸ್ವಲ್ಪ ಅಗಲ.

ಸಂದರ್ಶನದಲ್ಲಿ ಇಂಗ್ಲಿಷ್ ಬಗ್ಗೆ ನಮ್ಮ ಮಕ್ಕಳು ಬೇಡದಷ್ಟು ಹೆದರುತ್ತಾರೆ. ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಬೆವರುತ್ತಾ ಕೋಣೆಗೆ ಹೋದವನಿಗೆ ಅವರು ಕೇಳುವುದು "ಯಾವ ವಿಷಯ ಚೆನ್ನಾಗಿ ಗೊತ್ತು?" ಅಂತ. ಆಮೇಲೆ ಚಾಕ್‌ಪೀಸ್ ಕೈಗೆ ಕೊಟ್ಟು "ಸೈನ್ ಎಕ್ಸ್ ಬೈ ಎಕ್ಸ್ ಗ್ರಾಫ್ ಬಿಡಿಸು" ಅನ್ನುವಂಥದ್ದು. ಮಾತು ತಡವರಿಸಿದರೆ ಕಾಯುತ್ತಾರೆ, ಸೊನ್ನೆಯ ಹತ್ತಿರ ಗೆರೆ ಎಲ್ಲಿ ಹೋಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಕಾಯುವುದಿಲ್ಲ. ನಿಮ್ಮ ಅವಕಾಶ ಅಳೆಯಬೇಕಾದರೆ ಕಾಲೇಜಿನ ಖಾಲಿ ತರಗತಿಯಲ್ಲಿ ಮೇಷ್ಟ್ರೊಬ್ಬರ ಎದುರು ಬೋರ್ಡಿನ ಮೇಲೆ ಇಪ್ಪತ್ತು ನಿಮಿಷ ನಿಂತು ನೋಡಿ. ನೋಟ್ಸ್ ನೋಡದೆ ನಿಲ್ಲಲು ಆದರೆ ಹದಿನೈದಕ್ಕೆ ಒಂದು ಎಂಬ ಲೆಕ್ಕ ನಿಮ್ಮ ಪಾಲಿಗೆ ಸಡಿಲವಾಗುತ್ತದೆ.

ಹೆಜ್ಜೆ 7: ಒಂದೇ ಬಂಡೆ ಮೇಲೆ ಎಂಟು ಬೋರು

"ಎಂಟು ಕಡೆ ಹಾಕಿದ್ದೀನಿ ಸಾರ್, ಒಂದಾದ್ರೂ ಸಿಗುತ್ತೆ." ಲೆಕ್ಕ ಮಾಡೋಣ. ಪ್ರತಿಯೊಂದರಲ್ಲೂ ಶೇಕಡ 10 ಅವಕಾಶ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅಂದುಕೊಂಡರೆ, ಎಲ್ಲವೂ ಕೈಕೊಡುವ ಸಂಭವ 0.9ರ ಎಂಟನೇ ಘಾತ, ಅಂದರೆ 0.43. ಒಂದಾದರೂ ಸಿಗುವುದು ಶೇಕಡ 57. ಕೇಳಲು ಚೆನ್ನಾಗಿದೆ.

ಆದರೆ ಸಂಬಂಧ ಇದೆ. ಎಂಟೂ ಕಡೆ ನೋಡುವುದು ಅದೇ ಜ್ಯಾಮ್ ರ‍್ಯಾಂಕನ್ನು. ರ‍್ಯಾಂಕ್ ಕೆಟ್ಟರೆ ಎಂಟೂ ಒಟ್ಟಿಗೆ ಹೋಗುತ್ತವೆ. ಒಂದೇ ಬಂಡೆಯ ಮೇಲೆ ಎಂಟು ಬೋರು ಕೊರೆಸಿದ ಹಾಗೆ. ಪಟ್ಟಿ ಮಾಡುವಾಗ ಬೇರೆಬೇರೆ ನೆಲ ಇರಲಿ. ಜ್ಯಾಮ್ ಜೊತೆಗೆ ಸಿಯುಇಟಿ ಪಿಜಿ, ಭೌತಶಾಸ್ತ್ರದವರಾದರೆ ಜೆಸ್ಟ್ ಪರೀಕ್ಷೆ, ಜೊತೆಗೆ ಡಿಗ್ರಿ ಅಂಕ ನೋಡುವ ನಮ್ಮ ಕಡೆಯ ವಿಶ್ವವಿದ್ಯಾಲಯ. ತುಮಕೂರು ವಿಶ್ವವಿದ್ಯಾಲಯ ಇದೆ, ಕೋಲಾರದವರಿಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ. ‘ಖಚಿತ’ದ ಕಾಲಂನಲ್ಲಿ ಸಿಕ್ಕರೆ ನಿಜಕ್ಕೂ ಹೋಗಿ ಓದುವ ಜಾಗವನ್ನೇ ಬರೆಯಿರಿ. ಹೋಗಲಾರದ ಜಾಗವನ್ನು ಪಟ್ಟಿ ತುಂಬಿಸಲು ಬರೆದರೆ ಶುಲ್ಕ ದಂಡ.

ಪಾವಗಡದ ಹುಡುಗಿಯ ಹಾಳೆಯಲ್ಲಿ ಕೊನೆಗೆ ಏಳು ಹೆಸರು ಉಳಿದವು: ಎರಡು ದೂರದವು, ಮೂರು ನಡುವಿನವು, ಎರಡು ಖಚಿತ.

ವಿದೇಶಕ್ಕೆ ಹೋಗುವವರಿಗೆ ಎರಡು ಮಾತು

ಅಮೆರಿಕದಲ್ಲಿ ಎಂಎಸ್‌ಗಿಂತ ಪಿಎಚ್‌ಡಿ ಪ್ರವೇಶ ಬಹಳ ಬಿಗಿ, ಕಾರಣ ಸರಳ: ಎಂಎಸ್‌ಗೆ ದುಡ್ಡು ನಿಮ್ಮದು, ಪಿಎಚ್‌ಡಿಗೆ ಸಾಮಾನ್ಯವಾಗಿ ಅವರದು. ಜಿಆರ್‌ಇ ಪರೀಕ್ಷೆ ಬೇಡ ಅನ್ನುವ ವಿಭಾಗಗಳು ಈಗ ಬಹಳ ಇವೆ, ಆದ್ದರಿಂದ ಶಿಫಾರಸು ಪತ್ರ, ಸಂಶೋಧನೆಯ ಅನುಭವ ಎರಡಕ್ಕೂ ತೂಕ ಹೆಚ್ಚಾಗಿದೆ. ಮೂರು ವರ್ಷದ ಬಿಎಸ್ಸಿಯನ್ನು ಒಪ್ಪದ ಕಡೆಗಳಿವೆ. ರಾಜ್ಯ ಸರ್ಕಾರ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿರುವುದರಿಂದ ಇದನ್ನು ಮೊದಲೇ ವಿಚಾರಿಸಿ. ಅರ್ಜಿಯೊಂದಕ್ಕೆ ಸಾಮಾನ್ಯವಾಗಿ 75ರಿಂದ 125 ಡಾಲರ್ ಶುಲ್ಕ. ಕಷ್ಟ ಇದ್ದವರಿಗೆ ಕೆಲವರು ಮನ್ನಾ ಮಾಡುತ್ತಾರೆ, ಕೇಳಲು ನಾಚಿಕೆ ಬೇಡ.

ನಮ್ಮ ಕಾಲೇಜುಗಳಲ್ಲಿ ಸಂಶೋಧನೆಯ ಅನುಭವ ಎಲ್ಲಿ ಬರಬೇಕು ಅಂತ ಕೇಳುತ್ತಾರೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ, ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ. ನಮ್ಮ ಗೌರಿಬಿದನೂರಿನ ಹತ್ತಿರವೇ 1970ರ ದಶಕದಿಂದ ರೇಡಿಯೊ ದೂರದರ್ಶಕ ಕೇಂದ್ರ ಇದೆ. ಅದರ ಪಕ್ಕದಲ್ಲೇ ಓಡಾಡಿಕೊಂಡು ಡಿಗ್ರಿ ಮುಗಿಸಿಯೂ ಒಳಗೆ ಏನು ನಡೆಯುತ್ತದೆ ಅಂತ ತಿಳಿಯದವರಿದ್ದಾರೆ.

ಕೊನೆಯ ಹೆಜ್ಜೆ: ಆಫರ್ ಬಂದ ದಿನ

ಗೇಟ್‌ನವರಿಗೆ ಐಐಟಿಗಳ ಆಫರ್ ಬರುವುದು ಕೋಆಪ್ ಪೋರ್ಟಲ್‌ನಲ್ಲಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಒತ್ತಬೇಕು: ಇದೇ ಸಾಕು, ಇದನ್ನು ಹಿಡಿದುಕೊಂಡು ಕಾಯುತ್ತೇನೆ, ಇದು ಬೇಡ ಕಾಯುತ್ತೇನೆ. ಮೂರನೆಯದನ್ನು ಒತ್ತುವ ಮುಂಚೆ ಹೆಜ್ಜೆ 3ರ ಹಾಳೆ ತೆಗೆಯಿರಿ. ನೀವು ಕಾಯುತ್ತಿರುವ ಜಾಗ ಹಿಂದಿನ ಮೂರು ವರ್ಷದಲ್ಲಿ ಒಮ್ಮೆಯೂ ನಿಮ್ಮ ಸ್ಕೋರಿನವರೆಗೆ ಇಳಿಯದಿದ್ದರೆ ಕೈಯಲ್ಲಿರುವುದನ್ನು ಬಿಡಬೇಡಿ. ಏನನ್ನೂ ಒತ್ತದಿದ್ದರೆ ಆ ಆಫರ್ ಹೋದಂತೆಯೇ. ಸಮಯ ಇರುವುದು ಒಂದೆರಡು ದಿನ, ಸುತ್ತು ನಡೆಯುವುದು ಬೇಸಿಗೆಯಲ್ಲಿ, ಅದೇ ನಮ್ಮ ಕಡೆ ಜಾತ್ರೆ, ಮದುವೆಗಳ ಕಾಲ. ಹಳ್ಳಿಗೆ ಹೋಗುವುದಿದ್ದರೆ ಲಾಗಿನ್ ಬರೆದ ಚೀಟಿ ಜೇಬಿನಲ್ಲಿರಲಿ, ಒಟಿಪಿ ಬರುವ ಸಿಮ್ಮಿಗೆ ರೀಚಾರ್ಜ್ ಇರಲಿ, ಊರಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ನಮ್ಮೂರಲ್ಲಾದರೆ ಓವರ್‌ಹೆಡ್ ಟ್ಯಾಂಕಿನ ಹತ್ತಿರ.